ಉಪ್ಪು ತಿಂದ ಹೆಬ್ಬೆಟ್ಟುಗಳು

ತಮ್ಮ ಸಂಕಟವನ್ನು ತಾವೇ ಹೇಳಿಕೊಳ್ಳಲಾರದವರು ಲೋಕದಲ್ಲಿ ಬಹಳ ಮಂದಿ. ಅಂಥವರ ಮಾತನ್ನು ಹೊತ್ತು ದೊಡ್ಡವರ ಬಾಗಿಲಿಗೆ ಮುಟ್ಟಿಸುವ ಕೆಲಸವನ್ನು ಮಂಗಳೂರಿನ ಜೆಪ್ಪುವಿನ ಬೊನಿಫಾಸರು ಮೂವತ್ತು ವರ್ಷಗಳ ಕಾಲ ಮಾಡಿದರು. ಹಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತರಾಗಿದ್ದವರು ಅದನ್ನು ಬಿಟ್ಟು, ಬಂದರಿನ ಸಮೀಪ ಸರ್ಕಾರಿ ಕಚೇರಿಯ ಎದುರಿನ ಜಗಲಿಯಲ್ಲಿ ಒಂದು ಮೇಜು ಹಾಕಿಕೊಂಡು ಕುಳಿತರು. ಪಾದ್ರಿಗಳ ಶಾಲೆಯಲ್ಲಿ ಕಲಿತ ಇಂಗ್ಲಿಷು, ಮುತ್ತು ಪೋಣಿಸಿದಂಥ ಅಕ್ಷರ, ಎದುರಿಗಿದ್ದವನು ಅಳುತ್ತಿದ್ದರೂ ಬಯ್ಯುತ್ತಿದ್ದರೂ ಕೊನೆಯವರೆಗೆ ಕೇಳುವ ತಾಳ್ಮೆ, ಇವು ಮೂರೇ ಅವರ ಬಂಡವಾಳ. ಪ್ರತಿ ಅರ್ಜಿಯ ತುದಿಗೂ ಅವರ ಕೈ ತಾನಾಗಿಯೇ ಒಂದು ವಾಕ್ಯವನ್ನು ಬರೆದು ಮುಗಿಸುತ್ತಿತ್ತು: ‘ಕರ್ತವ್ಯಬದ್ಧರಾದ ಈ ಅರ್ಜಿದಾರರು ತಮಗಾಗಿ ಸದಾ ಪ್ರಾರ್ಥಿಸುತ್ತಿರುವರು.’ ಇಂಗ್ಲಿಷಿನ ಅರ್ಜಿಗಳಲ್ಲಿ ಅದು ನಡೆದುಬಂದ ಪದ್ಧತಿ. ಅದರ ಅರ್ಥವನ್ನು ಅವರು ಎಂದೂ ಯೋಚಿಸಿದವರಲ್ಲ. ಬೀಗ ಹಾಕುವವನು ಬೀಗದ ಕೈಯ ಹಲ್ಲುಗಳನ್ನು ನೋಡುತ್ತಾನೆಯೇ?

ಬೊನಿಫಾಸರ ಮನಸ್ಸಿನಲ್ಲಿ ತೀರದ ಒಂದು ಋಣವಿತ್ತು. ಸಾವಿರದ ಒಂಬೈನೂರ ಹದಿನೆಂಟನೆಯ ಇಸವಿಯ ಜ್ವರದಲ್ಲಿ ಅವರೂ ಅವರ ಹೆಂಡತಿ ಮಟಿಲ್ಡಾಬಾಯಿಯೂ ಒಂದೇ ಕೋಣೆಯಲ್ಲಿ ಎರಡು ಚಾಪೆಗಳ ಮೇಲೆ ಬಿದ್ದಿದ್ದರು. ಮಕ್ಕಳಿಲ್ಲದ ಮನೆ. ನೆರೆಯವರು ಬಾಗಿಲು ಭದ್ರಪಡಿಸಿಕೊಂಡಿದ್ದರು. ಅವರನ್ನು ದೂರುವಂತಿರಲಿಲ್ಲ, ಪ್ರತಿ ಮನೆಯಿಂದಲೂ ಹೆಣ ಹೊರಡುತ್ತಿದ್ದ ಕಾಲ. ಆಗ ಬೆಂಗರೆಯಿಂದ ದೋಣಿಯಲ್ಲಿ ನದಿ ದಾಟಿ ಮೀನು ಮಾರಲು ಬರುತ್ತಿದ್ದ ರಾಜೀವಿ ಎಂಬ ಮೊಗವೀರರ ಹೆಂಗಸು ಹನ್ನೊಂದು ದಿನ ತಪ್ಪದೆ ಒಂದು ಮಡಕೆ ಗಂಜಿಯನ್ನೂ ಸುಟ್ಟ ಒಣಮೀನನ್ನೂ ಹೊಸ್ತಿಲ ಮೇಲೆ ಇಟ್ಟು, ಬಾಗಿಲು ತಟ್ಟಿ, ಅಂಗಳದ ಹಲಸಿನ ಮರದ ಕೆಳಗೆ ಹೋಗಿ ನಿಲ್ಲುತ್ತಿದ್ದಳು. ಒಳಗಿನಿಂದ ಒಂದು ಕೈ ಹೊರಬಂದು ಮಡಕೆಯನ್ನು ಎಳೆದುಕೊಂಡದ್ದನ್ನು ಕಂಡಮೇಲೆಯೇ ಅವಳು ತಲೆಯ ಮೇಲೆ ಬುಟ್ಟಿ ಏರಿಸುತ್ತಿದ್ದುದು. ಮರುವರ್ಷ ನದಿ ಕಡಲು ಸೇರುವ ಅಳಿವೆಯ ಬಾಯಲ್ಲಿ ದೋಣಿ ಮಗುಚಿ ಅವಳ ಗಂಡ ತೀರಿಕೊಂಡ. ದೋಣಿಯೂ ಉಳಿಯಲಿಲ್ಲ. ಅಂದಿನಿಂದ ಅವಳು ಪರರ ದೋಣಿಗಳ ಬಂಗುಡೆ ಬೂತಾಯಿ ಮೀನುಗಳನ್ನು ಕೊಂಡು, ಸೀಳಿ, ಉಪ್ಪು ಹಾಕಿ, ಮರಳಿನ ಮೇಲೆ ಒಣಗಿಸಿ ಮಾರಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದಳು.

ಇದಾಗಿ ಎಂಟು ವರ್ಷಗಳ ಮೇಲೆ, ಜನವರಿಯ ಒಂದು ಬೆಳಿಗ್ಗೆ, ರಾಜೀವಿ ಬೊನಿಫಾಸರ ಜಗಲಿಗೆ ಬಂದು ಬುಟ್ಟಿ ಇಳಿಸಿ, ಕ್ರೈಸ್ತರನ್ನು ಆ ಕಡೆಯವರು ಕರೆಯುವಂತೆ ಕರೆದಳು.

“ಪೊರ್ಬುಗಳೇ, ಒಂದು ಅರ್ಜಿ ಬರೀಬೇಕು.”

“ಯಾರಿಗೆ ರಾಜೀವಕ್ಕ?”

“ಅದು ನಿಮಗೆ ಗೊತ್ತಿರ್ಬೇಕು. ನಂಗೆ ಗೊತ್ತಿದ್ದಿದ್ರೆ ನಾನೇ ಹೋಗಿ ಎರಡು ಮಾತು ಬೈದು ಬರ್ತಿದ್ದೆ.”

ಸಂಗತಿ ಇಷ್ಟು. ಮೀನು ಒಣಗಿಸುವವರಿಗೆ ಸರ್ಕಾರದ ಉಗ್ರಾಣದಿಂದ ಸುಂಕವಿಲ್ಲದ ಅಗ್ಗದ ಉಪ್ಪು ಸಿಗುತ್ತಿತ್ತು. ಮುಂದಿನ ಮಳೆಗಾಲ ಕಳೆದ ಮೇಲೆ ಆ ಉಪ್ಪು ದೋಣಿಯುಳ್ಳವರಿಗೆ ಮಾತ್ರವೆಂದು ಉಗ್ರಾಣದ ಜವಾನ ಹೇಳಿದ್ದ. ಪೇಟೆಯ ಉಪ್ಪನ್ನು ಕೊಂಡು ಮೀನು ಒಣಗಿಸಿದರೆ ಮೀನಿಗಿಂತ ಉಪ್ಪೇ ದುಬಾರಿಯಾಗುತ್ತಿತ್ತು.

“ದೋಣಿ ಎಲ್ಲುಂಟು ನಂಗೆ? ದೋಣಿ ಇದ್ದವ ಮೇಲೆ ಹೋದ, ದೋಣಿ ಕೆಳಗೆ ಹೋಯ್ತು,” ಎಂದಳು ರಾಜೀವಿ. ಅವಳ ದನಿ ಅಲ್ಲಿಯವರೆಗೂ ಗಟ್ಟಿಯಾಗಿತ್ತು. “ಉಪ್ಪು ನಿಂತ್ರೆ ನನ್ನ ಒಲೆ ನಿಂತ ಹಾಗೆ. ದೊಡ್ಡವಳನ್ನು ಹಂಚಿನ ಕಾರ್ಖಾನೆಗೆ ಮಣ್ಣು ಹೊರ್ಲಿಕ್ಕೆ ಕಳಿಸ್ಬೇಕಷ್ಟೆ. ಹದಿಮೂರು ವರ್ಷ ಅವಳಿಗೆ.”

ಕಾರ್ಖಾನೆಯ ಮಣ್ಣುಗುಂಡಿಯನ್ನು ಬೊನಿಫಾಸರು ಬಲ್ಲವರು. ಅವರು ಮೇಜು ಮುಚ್ಚಿ ಅಂದೇ ಕಚೇರಿಯ ಮೆಟ್ಟಿಲು ಹತ್ತಿದರು. ಇದು ಕಲೆಕ್ಟರರ ಕೈಯಲ್ಲಿಲ್ಲ, ಮದ್ರಾಸಿನವರ ಕೈಯಲ್ಲೂ ಇಲ್ಲ, ದಿಲ್ಲಿಯ ಶಾಸನಸಭೆಯಲ್ಲಿ ಉಪ್ಪಿನ ಕಾನೂನನ್ನು ತಿದ್ದುವ ಮಸೂದೆಯೊಂದು ಮಂಡನೆಯಾಗಿದೆ ಎಂದು ಅಲ್ಲಿಯ ಹಿರಿಯ ಗುಮಾಸ್ತರು ತಿಳಿಸಿದರು. ವಾಚನಾಲಯದಲ್ಲಿ ಗೆಜೆಟ್ಟನ್ನು ಹುಡುಕಿ ಓದಿದಾಗ ಎಂಟನೆಯ ಕಲಮು ಸಿಕ್ಕಿತು. ಅಗ್ಗದ ಉಪ್ಪು ಕಳ್ಳದಾರಿಯಿಂದ ಮನೆಗಳ ಅಡುಗೆಗೆ ಸೇರುವುದನ್ನು ತಡೆಯಲು, ದೋಣಿಯ ಅಥವಾ ಬಲೆಯ ಒಡೆತನ ದಾಖಲಾದವರಿಗೆ ಮಾತ್ರ ಅದನ್ನು ಕೊಡತಕ್ಕದ್ದು ಎಂದಿತ್ತು. ಬರೆದವರಲ್ಲಿ ದುರುದ್ದೇಶವೇನೂ ಕಾಣಲಿಲ್ಲ. ಮೀನು ಹಿಡಿಯುವುದು ಗಂಡಸು, ಒಣಗಿಸುವುದು ಹೆಂಗಸು ಎಂಬ ನಮ್ಮ ಕಡಲ ದಡದ ರೀತಿ ಅವರ ಕಿವಿಗೆ ಬಿದ್ದಿರಲಿಲ್ಲ, ಅಷ್ಟೆ. ಬೀಳಿಸಬೇಕಾದವರು ಯಾರು? ಬೊನಿಫಾಸರು ಗೆಜೆಟ್ಟನ್ನು ಮಡಚಿಟ್ಟು, ದಿಲ್ಲಿಯ ಸಭೆಯಲ್ಲಿ ಕರಾವಳಿಯ ಪರವಾಗಿ ಕುಳಿತಿದ್ದ ಸದಸ್ಯರಿಗೆ ಒಂದು ಕಾಗದ ಬರೆದರು. ಸಭೆಯಲ್ಲಿ ಒಂದು ನಿರ್ಣಯ ಮಾಡಿಸಿ ಈ ಕಲಮನ್ನು ತೆಗೆಸಿಕೊಡಬೇಕು ಎಂಬುದು ಅವರ ಬಿನ್ನಹ.

ಸದಸ್ಯರು ವಕೀಲರು, ಸಜ್ಜನರು. ಹದಿಮೂರನೆಯ ದಿನ ಅವರ ಉತ್ತರ ಬಂತು. ಅದನ್ನು ಬೊನಿಫಾಸರು ಮೂರು ಬಾರಿ ಓದಿದರು. ನಿರ್ಣಯವನ್ನು ತರಬೇಕಾದರೆ ಹದಿನೈದು ದಿನ ಮುಂಚಿತವಾಗಿ ಸೂಚನೆ ಕೊಡಬೇಕು. ಸೂಚನೆ ಕೊಟ್ಟವರ ಹೆಸರುಗಳನ್ನೆಲ್ಲ ಚೀಟಿ ಎತ್ತುತ್ತಾರೆ; ಹೆಸರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಸಭೆ ಒಪ್ಪಿದರೂ ಆ ನಿರ್ಣಯ ಸರ್ಕಾರಕ್ಕೆ ಹೇಳಿದ ಸಲಹೆಯೇ ಹೊರತು ಕಾನೂನಲ್ಲ. ತಾವೇ ಬೇರೊಂದು ಮಸೂದೆ ತರೋಣವೆಂದರೆ ಅದಕ್ಕೆ ಇನ್ನೂ ದೀರ್ಘವಾದ ಸೂಚನೆ ಬೇಕು, ಮಂಡಿಸುವುದಕ್ಕೇ ಸಭೆಯ ಅಪ್ಪಣೆ ಬೇಕು, ಅದಕ್ಕೂ ಚೀಟಿಯ ಸರದಿ ಬರಬೇಕು. ಅಷ್ಟರಲ್ಲಿ ಮಳೆಗಾಲ ಬಂದು ಹೋಗಿರುತ್ತದೆ. ಉಳಿದದ್ದು ಒಂದು ದಾರಿ. ಈಗಾಗಲೇ ಸಭೆಯ ಮುಂದಿರುವ ಮಸೂದೆಯಿಂದ ತೊಂದರೆಗೊಳಗಾಗುವ ಪ್ರಜೆಗಳು ಸಭೆಗೇ ನೇರವಾಗಿ ಅರ್ಜಿ ಕೊಡಬಹುದು. ಸದಸ್ಯರೊಬ್ಬರು ಅದಕ್ಕೆ ರುಜು ಹಾಕಿ ಮಂಡಿಸಬೇಕು. ಮಸೂದೆಯನ್ನು ಕೆಲವು ಸದಸ್ಯರ ಆಯ್ದ ಸಮಿತಿಗೆ ಒಪ್ಪಿಸಲಿದ್ದಾರೆ. ಆ ಸಮಿತಿ ತನ್ನ ವರದಿ ಕೊಡುವ ಮೊದಲು ಅರ್ಜಿ ಬಂದರೆ ತಿದ್ದುಪಡಿಗೆ ಎಡೆಯುಂಟು.

ಬೆಂಗರೆಗೆ ದೋಣಿಯಲ್ಲಿ ಹೋಗಿ ಇದನ್ನೆಲ್ಲ ಬೊನಿಫಾಸರು ಗುರಿಕಾರ ದೂಮಪ್ಪನವರಿಗೆ ವಿವರಿಸಿದರು. ಮೊಗವೀರರ ಪ್ರತಿ ಕೇರಿಗೂ, ಅವರ ಮಾತಿನಲ್ಲಿ ಪಟ್ಣಕ್ಕೂ, ಒಬ್ಬ ಗುರಿಕಾರನಿರುತ್ತಾನೆ. ಮದುವೆ, ಜಗಳ, ಬಲೆಯ ಪಾಲು, ಏನಿದ್ದರೂ ಅವನು ಸಭೆ ಕೂಡಿಸಿ ಹೇಳಿದ್ದೇ ಕೊನೆಯ ಮಾತು. ದೂಮಪ್ಪ ಅರುವತ್ತರ ಆಳು. ಸ್ವಂತದ್ದೊಂದು ರಂಪಣಿಯಿತ್ತು, ನೂರು ಜನ ದಡದಲ್ಲಿ ನಿಂತು ಎಳೆಯುವ ದೊಡ್ಡ ಬಲೆ ಅದು.

“ಒಂದು ಅರ್ಥ ಆಗುದಿಲ್ಲ ಪೊರ್ಬುಗಳೇ,” ಎಂದರು ದೂಮಪ್ಪ. “ಕಾನೂನು ಆಗಿದೆಯೋ, ಆಗ್ಲಿಲ್ವೋ?”

“ಆಗ್ಲಿಲ್ಲ. ಮಸೂದೆ ಅಂದ್ರೆ ರಂಪಣಿ ನೀರಿಗೆ ಬಿಟ್ಟ ಹಾಗೆ ಗುರಿಕಾರ್ರೇ. ಮಂಡಿಸಿದ್ದು ಬಲೆ ಬಿಟ್ಟದ್ದು. ಸಮಿತಿಗೆ ಹೋಗುದು ಅರ್ಧ ಎಳೆದದ್ದು. ಕೊನೆಗೆ ದಿಲ್ಲಿಯ ಮೇಲಿನ ಕೆಳಗಿನ ಎರಡೂ ಸಭೆಯವರು ಒಪ್ಪಿ ವೈಸ್‌ರಾಯರು ರುಜು ಹಾಕಿದ್ರೆ ದಡಕ್ಕೆ ಬಂತು.”

“ಹಾಗಾದ್ರೆ ಬಲೆ ಇನ್ನೂ ನೀರಲ್ಲುಂಟು!”

“ನೀರಲ್ಲುಂಟು. ಹಿಡಿಬಾರದ ಮೀನು ಸಿಕ್ಕಿದ್ರೆ ಈಗ ಬಿಡಿಸ್ಬಹುದು.”

“ಹಾಗೆ ಹೇಳಿ ಮತ್ತೆ! ಇಷ್ಟು ಹೊತ್ತು ದಿಲ್ಲಿ, ಸೂಚನೆ, ಚೀಟಿ ಅಂತ ತಲೆ ತಿಂದ್ರಿ,” ಎಂದು ನಕ್ಕು ದೂಮಪ್ಪ ಎಡಗೈ ಮುಂದೆ ಚಾಚಿದರು. “ಬರೀರಿ. ಒತ್ತುತ್ತೇನೆ.”

ಬೊನಿಫಾಸರು ಬರೆದರು. ಕಲೆಕ್ಟರರಿಗೆ ಬರೆಯುವ ರೀತಿಯಲ್ಲಿ ಮೊದಲ ಪುಟವೆಲ್ಲ ಬಿರುದುಗಳು, ಎರಡನೆಯ ಪುಟದಲ್ಲಿ ವಿಷಯ, ಕೊನೆಯಲ್ಲಿ ‘ಬೆಂಗರೆಯ ಸಮಸ್ತ ಪ್ರಜೆಗಳ ಪರವಾಗಿ’ ಎಂಬುದರ ಕೆಳಗೆ ಗುರಿಕಾರ ದೂಮಪ್ಪನವರ ಹೆಬ್ಬೆಟ್ಟು. ಆ ಪಟ್ಣದಿಂದ ಹೊರಟ ಕಾಗದಕ್ಕೆ ತಲೆಮಾರುಗಳಿಂದ ಒಂದೇ ಗುರುತು. ಅದನ್ನು ಯಾವ ಕಚೇರಿಯೂ ಎಂದೂ ತಿರಸ್ಕರಿಸಿದ್ದಿಲ್ಲ. ಬೇರೊಬ್ಬರು ಗುರುತು ಹಾಕಬೇಕೆಂಬ ವಿಚಾರ ದೂಮಪ್ಪನವರಿಗೂ ಹೊಳೆಯಲಿಲ್ಲ, ವರ್ಷಗಳಿಂದ ಅರ್ಜಿ ಬರೆಯುತ್ತಿದ್ದ ಕೈಗೂ ಹೊಳೆಯಲಿಲ್ಲ.

ಅರ್ಜಿ ದಿಲ್ಲಿಗೆ ಹೋಯಿತು, ಮರಳಿ ಬಂತು. ಅದರೊಂದಿಗೆ ಸದಸ್ಯರ ಕಾಗದ. ಸಭೆಯ ಕಾರ್ಯದರ್ಶಿಗಳು ನಿಯಮಗಳನ್ನು ತೋರಿಸಿದ್ದರು. ಅರ್ಜಿ ಸಭೆಯನ್ನೇ ಸಂಬೋಧಿಸಬೇಕು. ಭಾಷೆ ವಿನಯದಿಂದಿರಬೇಕು, ಆದರೆ ಬಿರುದುಗಳು ಬೇಡ. ಬೇರೆ ಕಾಗದಗಳನ್ನು ಲಗತ್ತಿಸಬಾರದು. ಏನು ಬೇಕೆಂಬ ಕೋರಿಕೆ ಕೊನೆಯಲ್ಲಿ ಸ್ಪಷ್ಟವಾಗಿರಬೇಕು. ಅರ್ಜಿದಾರರಲ್ಲಿ ಪ್ರತಿಯೊಬ್ಬರ ಪೂರ್ಣ ಹೆಸರೂ ಊರೂ ಇದ್ದು, ಅದರ ಎದುರಿಗೆ ಅವರವರದೇ ರುಜು, ಅಕ್ಷರ ಬಾರದವರಾದರೆ ಅವರವರದೇ ಹೆಬ್ಬೆಟ್ಟು ಇರಬೇಕು. ಸದಸ್ಯರು ತಮ್ಮ ಕೈಯಿಂದ ಒಂದು ಮಾತು ಸೇರಿಸಿದ್ದರು. ‘ಹೆಬ್ಬೆಟ್ಟು ಒತ್ತಿದವರು ರಂಪಣಿಯ ಒಡೆಯರು. ಎಂಟನೆಯ ಕಲಮಿನಿಂದ ಅವರಿಗೆ ಯಾವ ತೊಂದರೆಯೂ ಇಲ್ಲ. ತೊಂದರೆಯಿರುವವರು ಎಲ್ಲಿ? ಸಮಿತಿ ಫೆಬ್ರವರಿ ಇಪ್ಪತ್ತೆಂಟಕ್ಕೆ ಕೂಡುತ್ತದೆ.’

ಅಂದು ಫೆಬ್ರವರಿ ಹದಿನೇಳು. ದಿಲ್ಲಿಗೆ ಟಪಾಲು ಮುಟ್ಟಲು ಆರು ದಿನ.

ಬೊನಿಫಾಸರು ಮನೆಗೆ ಬಂದು ಊಟಕ್ಕೆ ಕುಳಿತು ಕೈಯನ್ನು ತಟ್ಟೆಯಲ್ಲೇ ಇಟ್ಟುಕೊಂಡಿದ್ದರು. ಮಟಿಲ್ಡಾಬಾಯಿ ವಿಷಯ ತಿಳಿದು, “ಜ್ವರದಲ್ಲಿ ಗಂಜಿ ತಂದವಳು ಅವಳು. ಅರ್ಜಿಯಲ್ಲಿ ಅವಳ ಹೆಸರೇ ಇಲ್ವಾ?” ಎಂದು ಕೇಳಿದರು. ತನ್ನ ಕೈಬರಹದ ಮೇಲಣ ಅಭಿಮಾನದಲ್ಲಿ ತಾನು ಯಾರ ಮಾತನ್ನು ಬರೆಯಲು ಕುಳಿತೆನೋ ಅವಳನ್ನೇ ಮರೆತಿದ್ದೆನೆಂದು ಬೊನಿಫಾಸರಿಗೆ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಗಂಡಹೆಂಡಿರಿಬ್ಬರೂ ಬೆಂಗರೆಯ ದೋಣಿ ಹತ್ತಿದರು. ರಾಜೀವಿಯನ್ನು ಕರೆದುಕೊಂಡು ದೂಮಪ್ಪನವರ ಚಪ್ಪರಕ್ಕೆ ಹೋಗಿ ವಿಷಯ ಹೇಳಿದಾಗ ಗುರಿಕಾರರ ಮುಖ ಕಪ್ಪಿಟ್ಟಿತು.

“ಹೆಂಗಸರು ಹೆಬ್ಬೆಟ್ಟು ಒತ್ತುದಾ? ದಿಲ್ಲಿಯ ಕಾಗದಕ್ಕೆ? ನನ್ನ ಗುರುತು ಸಾಕಾಗುದಿಲ್ಲ ಅಂತ ಬರೆದು ಕಳಿಸಿದ್ದಾರಾ ಅವರು?” ಎಂದರು ದೂಮಪ್ಪ. “ನನ್ನ ಅಜ್ಜನ ಕಾಲದಿಂದ ಈ ಮರಳಿಗೆ ಒಂದೇ ಗುರುತು ಪೊರ್ಬುಗಳೇ. ನಾಳೆ ಒಬ್ಬೊಬ್ಬರೂ ಒಂದೊಂದು ಗುರುತು ಹಾಕ್ಲಿಕ್ಕೆ ಹೊರಟ್ರೆ ಪಟ್ಣ ಅಂತ ಎಂತ ಉಳೀತದೆ?”

ರಾಜೀವಿ ಚಪ್ಪರದ ಹೊರಗೆ ಬಿಸಿಲಿನಲ್ಲಿ ನಿಂತಿದ್ದಳು. ಅಲ್ಲಿಂದಲೇ ಮಾತಾಡಿದಳು.

“ಗುರಿಕಾರ್ರೇ, ನನ್ನ ಗಂಡ ಹೋದ ದಿನ ಇಡೀ ಪಟ್ಣ ಅತ್ತಿತು. ನೀವೂ ಅತ್ತಿದ್ರಿ, ನಾನು ನೋಡಿದ್ದೇನೆ. ಆದ್ರೆ ಬಳೆ ಒಡೆದದ್ದು ನನ್ನ ಕೈಯದ್ದು ಮಾತ್ರ. ಅವತ್ತು ನಿಮ್ಮ ಹೆಂಡತಿಯ ಬಳೆ ಒಡೆದ್ರೆ ಸಾಕು ಅಂತ ಯಾರೂ ಹೇಳ್ಲಿಲ್ಲ.”

ದೂಮಪ್ಪ ಮರಳಿನಲ್ಲಿ ಬೆರಳಾಡಿಸಿದರು. ಹೊರಗೆ ಕಾಗೆಗಳು ಒಣಮೀನಿನ ಚಾಪೆಯ ಮೇಲೆರಗಿ ಗಲಾಟೆಯೆಬ್ಬಿಸಿದವು. ಅವನ್ನು ಓಡಿಸಲು ಕೂಡ ಯಾರೂ ಏಳಲಿಲ್ಲ.

“ಇವಳ ಬಾಯಿಗೆ ಹೆದರಿಯೇ ಇವಳ ಗಂಡ ಯಾವಾಗ್ಲೂ ಕಡಲಲ್ಲೇ ಇರ್ತಿದ್ದ,” ಎಂದರು ಗುರಿಕಾರರು ಕಡೆಗೆ. ಆದರೆ ಅವರ ದನಿ ಇಳಿದಿತ್ತು. “ಆಯ್ತು. ಸಭೆ ಕರೀತೇನೆ. ಆದ್ರೆ ಒತ್ತುದು ಬೊಬ್ಬರ್ಯನ ಕಟ್ಟೆಯ ಎದುರು, ನಾನು ನಿಂತಿರುವಾಗ. ಹೆಸರು ಹೇಳುವವನೂ ನಾನೇ. ಇವರ ಪೂರ್ಣ ಹೆಸರು ಇವರಿಗೇ ಗೊತ್ತಿಲ್ಲ.”

ಅದು ನಿಜವಾಗಿತ್ತು. ಸ್ವಂತ ದೋಣಿಯಿಲ್ಲದೆ ಮೀನು ಒಣಗಿಸುತ್ತಿದ್ದ ಹೆಂಗಸರು ನಲವತ್ತಮೂರು ಮಂದಿ. ಅವರ ತಂದೆಯ ಹೆಸರು, ಗಂಡನ ಹೆಸರು, ಮನೆಯ ಹೆಸರು ಎಲ್ಲವೂ ದೂಮಪ್ಪನವರ ನಾಲಗೆಯ ತುದಿಯಲ್ಲಿದ್ದವು. ಕಡಲ ದೈವವಾದ ಬೊಬ್ಬರ್ಯನ ಕಟ್ಟೆಯ ಮುಂದೆ ಬೊನಿಫಾಸರು ಹಲಗೆಯೊಂದನ್ನು ಮಂಡಿಯ ಮೇಲಿಟ್ಟುಕೊಂಡು ಕುಳಿತರು. ಗುರಿಕಾರರು ಹೇಳುತ್ತಾ ಹೋದರು, ಅವರು ಬರೆಯುತ್ತಾ ಹೋದರು. ಮೊದಲ ಹೆಸರು ರಾಜೀವಿಯದು.

ಅವಳು ಶಾಯಿಯಲ್ಲಿ ಹೆಬ್ಬೆರಳನ್ನು ಅದ್ದಿ ಕಾಗದದ ಮೇಲೆ ಒತ್ತಿದಳು. ಮೂಡಿದ್ದು ಬರಿಯ ಕಪ್ಪು ಬೊಟ್ಟು. ಬೆರಳಿನ ರೇಖೆಗಳಲ್ಲಿ ಒಂದೂ ಕಾಣಿಸಲಿಲ್ಲ.

ಬೊನಿಫಾಸರು ಅವಳ ಕೈಯನ್ನು ಹಿಡಿದು ನೋಡಿದರು. ಎಂಟು ವರ್ಷ ಉಪ್ಪಿನಲ್ಲಿ ತಿಕ್ಕಿ ತಿಕ್ಕಿ ಹೆಬ್ಬೆರಳಿನ ತೊಗಲು ಕಡಲ ತೀರದ ಕಲ್ಲಿನಂತೆ ನುಣುಪಾಗಿ ಸವೆದಿತ್ತು, ಅಲ್ಲಲ್ಲಿ ಬಿರಿದಿತ್ತು. ಎರಡನೆಯವಳದೂ ಹಾಗೆಯೇ. ಮೂರನೆಯವಳಾದ ಗುಲಾಬಿ ತನ್ನ ಕೈಯನ್ನು ತಾನೇ ತಿರುಗಿಸಿ ನೋಡಿಕೊಂಡು, “ನನ್ನ ಗೆರೆಯೆಲ್ಲ ಬಂಗುಡೆ ತಿಂದಾಯ್ತು ಪೊರ್ಬುಗಳೇ. ಬಂಗುಡೆಯನ್ನೇ ಕರೆದು ಒತ್ತಿಸಿ!” ಎಂದಾಗ ಹೆಂಗಸರೆಲ್ಲ ನಕ್ಕರು. ಬೊನಿಫಾಸರಿಗೆ ನಗು ಬರಲಿಲ್ಲ. ಒಮ್ಮೆ ಮರಳಿ ಬಂದ ಅರ್ಜಿ. ಗುರುತು ಗುರುತೇ ಅಲ್ಲವೆಂದು ಮತ್ತೊಮ್ಮೆ ಮರಳಿ ಬಂದರೆ ಮೂರನೆಯದನ್ನು ಕಳಿಸಲು ದಿನವಿರಲಿಲ್ಲ.

ದಾರಿ ತೋರಿಸಿದವರು ಮಟಿಲ್ಡಾಬಾಯಿ. “ಇವತ್ತು ಯಾರೂ ಉಪ್ಪು ಮುಟ್ಟುದು ಬೇಡ,” ಎಂದರು ಅವರು. “ಬಿಸಿ ಗಂಜಿತಿಳಿಯಲ್ಲಿ ಹೆಬ್ಬೆಟ್ಟು ಅದ್ದಿಡಿ. ಆಮೇಲೆ ತೆಂಗಿನೆಣ್ಣೆ ಹಚ್ಚಿ ಬಟ್ಟೆ ಕಟ್ಟಿ. ನಾಳೆ ನೋಡುವ.”

ಉಪ್ಪು ಮುಟ್ಟದಿದ್ದರೆ ಅಂದಿನ ಮೀನಿನ ಗತಿ? ಬಲೆ ತುಂಬ ಬೂತಾಯಿ ಬಂದ ದಿನ ಅದು. ಹೆಂಗಸರು ಗುರಿಕಾರರ ಕಡೆ ನೋಡಿದರು. ದೂಮಪ್ಪ ಕಟ್ಟೆಗೆ ಕೈಮುಗಿದು, “ಇವತ್ತಿನ ಮೀನು ಹಸಿಯಾಗಿಯೇ ಹೋಗ್ಲಿ. ಉಳಿದದ್ದು ತೆಂಗಿನ ಬುಡಕ್ಕೆ,” ಎಂದು ಅಪ್ಪಣೆ ಕೊಟ್ಟರು. ತಮ್ಮ ರಂಪಣಿಯ ಮೀನನ್ನೇ ಅವರು ಹಾಗೆ ಬಿಟ್ಟುಕೊಟ್ಟದ್ದು. ಅಂದು ಸಂಜೆ ಬೆಂಗರೆಯ ಮರಳಿನಲ್ಲಿ ನಲವತ್ತಮೂರು ಹೆಂಗಸರು ಎಡಗೈಯ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಮದುಮಕ್ಕಳಂತೆ ಕೆಲಸವಿಲ್ಲದೆ ಕುಳಿತಿದ್ದರು.

ಮರುದಿನ ರೇಖೆಗಳು ಮೂಡಿದವು. ತೆಳುವಾಗಿ, ಅಲ್ಲಲ್ಲಿ ಕಡಿದು, ಆದರೂ ಮೂಡಿದವು. ಎಲ್ಲರಿಗಿಂತ ಹಿರಿಯಳಾದ ಮೋಹಿನಿಯ ಬೆರಳು ಮಾತ್ರ ಏನು ಮಾಡಿದರೂ ಬೊಟ್ಟನ್ನೇ ಕೊಟ್ಟಿತು. ಆ ಬೊಟ್ಟಿನ ಪಕ್ಕದಲ್ಲಿ ಬೊನಿಫಾಸರು ಸಣ್ಣಕ್ಷರದಲ್ಲಿ ಹೀಗೆ ಬರೆದರು: ‘ನಲವತ್ತು ವರ್ಷಗಳ ಉಪ್ಪಿನ ಕೆಲಸದಿಂದ ಈ ಹೆಬ್ಬೆರಳಿನ ರೇಖೆಗಳು ಅಳಿದಿವೆ. ಗುರುತು ಇವಳದೇ.’ ಕೆಳಗೆ ಸಾಕ್ಷಿಯಾಗಿ ಗುರಿಕಾರ ದೂಮಪ್ಪನವರ ಹೆಬ್ಬೆಟ್ಟು ಬಿತ್ತು.

ಆದರೆ ಇದೆಲ್ಲಕ್ಕೂ ಮೊದಲು, ಹಿಂದಿನ ದಿನ ಕಟ್ಟೆಯ ಮುಂದೆ ಯಾರೂ ಹೆಬ್ಬೆಟ್ಟು ಒತ್ತುವ ಮುನ್ನ, ಒಂದು ಸಂಗತಿ ನಡೆದಿತ್ತು. ಬೊನಿಫಾಸರು ಹೊಸ ಅರ್ಜಿಯನ್ನು ಸಾಲು ಸಾಲಾಗಿ ತುಳುವಿನಲ್ಲಿ ಓದಿ ಹೇಳಿದ್ದರು. ಬಿರುದುಗಳಿಲ್ಲ, ಅಲಂಕಾರಗಳಿಲ್ಲ. ನಾವು ಇಂಥವರು, ನಮ್ಮ ಕೆಲಸ ಇದು, ನಮಗೆ ದೋಣಿಯಿಲ್ಲ, ಸ್ವಂತ ದುಡಿಮೆಯಿಂದ ಮೀನಿಗೆ ಉಪ್ಪು ಹಾಕಿ ಒಣಗಿಸುವವರನ್ನೂ ಎಂಟನೆಯ ಕಲಮಿನಲ್ಲಿ ಸೇರಿಸಬೇಕೆಂಬುದೇ ನಮ್ಮ ಕೋರಿಕೆ. ಕೊನೆಯಲ್ಲಿ ಅವರ ಕೈ ವಾಡಿಕೆಯಂತೆ ಬರೆದಿದ್ದ ಆ ವಾಕ್ಯ.

“ತಡೀರಿ,” ಎಂದಳು ರಾಜೀವಿ. “ಸದಾ ಪ್ರಾರ್ಥನೆ ಮಾಡ್ತೇವೆ ಅಂತ ಬರೆದಿದ್ದೀರಾ? ಯಾರಿಗಾಗಿ?”

“ಆ ಸಭೆಯವರಿಗಾಗಿ. ಅದು ಬರೆಯುವ ಕ್ರಮ ರಾಜೀವಕ್ಕ. ಎಲ್ಲ ಅರ್ಜಿಯಲ್ಲೂ ಇರ್ತದೆ.”

“ಎಲ್ಲರೂ ಮಾಡ್ತಾರಾ?”

ಬೊನಿಫಾಸರು ತಡವರಿಸಿದರು. “ಯಾರೂ ಮಾಡುದಿಲ್ಲ. ಸುಮ್ಮನೆ ಬರೆಯುದು.”

“ದೈವದ ಕಟ್ಟೆಯ ಎದುರು ಹೆಬ್ಬೆಟ್ಟು ಒತ್ತಿ ಸುಮ್ಮನೆ ಅಂತ ಹೇಳ್ಲಿಕ್ಕೆ ಆಗ್ತದಾ?” ಎಂದು ರಾಜೀವಿ ಬೆರಗಾಗಿ ಕೇಳಿದಳು. ಹೆಂಗಸರು ತಮ್ಮತಮ್ಮಲ್ಲಿ ಮಾತಾಡಿಕೊಂಡರು. ಹರಕೆಯೆಂದರೆ ಹರಕೆ. ಎಷ್ಟು ದಿನ? ಸದಾ ಎಂದಮೇಲೆ ಜೀವವಿರುವವರೆಗೆ. ಹೇಗೆ? ಉಪ್ಪಿನ ಮೂಟೆ ಬಂದಾಗಲೆಲ್ಲ ಮೊದಲ ಹಿಡಿಯನ್ನು ಬೊಬ್ಬರ್ಯನಿಗಿಟ್ಟು ದಿಲ್ಲಿಯವರ ಕ್ಷೇಮ ಬೇಡುವುದು. ಇಷ್ಟನ್ನು ನಿಶ್ಚಯಿಸಿದ ಮೇಲೆಯೇ ಅವರು ಬೆರಳು ಚಾಚಿದ್ದು. ತಾನು ಅದುವರೆಗೆ ಸಾವಿರಾರು ಜನರ ಪರವಾಗಿ ಕೊಟ್ಟ ವಾಗ್ದಾನಗಳೆಲ್ಲ ನೆನಪಾಗಿ ಬೊನಿಫಾಸರು ಆ ವಾಕ್ಯವನ್ನು ಮತ್ತೊಮ್ಮೆ ಓದಿಕೊಂಡರು.

ಅರ್ಜಿ ಇಪ್ಪತ್ತರ ಟಪಾಲಿನಲ್ಲಿ ಹೊರಟಿತು. ಅನಂತರ ಒಂದು ತಿಂಗಳು ಏನೂ ಬರಲಿಲ್ಲ. ರಾಜೀವಿ ದಿನವೂ ಜಗಲಿಯ ಮುಂದೆ ಹಾದುಹೋಗುವಾಗ ಬುಟ್ಟಿಯ ಕೆಳಗಿನಿಂದ ಕಣ್ಣೆತ್ತಿ ನೋಡುತ್ತಿದ್ದಳು, ಬೊನಿಫಾಸರು ತಲೆಯಾಡಿಸುತ್ತಿದ್ದರು. ಅವಳು ಹಂಚಿನ ಕಾರ್ಖಾನೆಯ ಮೇಸ್ತ್ರಿಯೊಡನೆ ಮಗಳ ವಿಷಯ ಮಾತಾಡಿ ಬಂದಳೆಂದು ಒಂದು ದಿನ ತಿಳಿಯಿತು. ಅಂದು ಬೊನಿಫಾಸರು ಒಂದಕ್ಷರವನ್ನೂ ಬರೆಯಲಿಲ್ಲ.

ಮಾರ್ಚಿನ ಕೊನೆಯ ವಾರ ದಿಲ್ಲಿಯಿಂದ ಒಂದು ದಪ್ಪ ಲಕೋಟೆ ಬಂತು. ಒಳಗೆ ಸಭೆಯ ನಡವಳಿಕೆಯ ಅಚ್ಚಾದ ಹಾಳೆಗಳು. ಕರಾವಳಿಯ ಸದಸ್ಯರು ಎದ್ದು ನಿಂತು, ಮಂಗಳೂರಿನ ರಾಜೀವಿ ಮತ್ತು ಇತರ ನಲವತ್ತೆರಡು ಮಂದಿಯ ಅರ್ಜಿಯನ್ನು ಮಂಡಿಸುತ್ತೇನೆಂದು ಹೇಳಿದರು, ಅಷ್ಟೇ. ಅರ್ಜಿ ಮಂಡಿಸುವಾಗ ಭಾಷಣ ಮಾಡಲು ನಿಯಮವಿಲ್ಲ. ಆದರೆ ಅರ್ಜಿ ಸಮಿತಿಯ ಮೇಜಿನ ಮೇಲೆ ಕೈಯಿಂದ ಕೈಗೆ ಹೋಯಿತೆಂದು ಸದಸ್ಯರು ಬೇರೊಂದು ಹಾಳೆಯಲ್ಲಿ ಬರೆದಿದ್ದರು. ಮೋಹಿನಿಯ ಬೊಟ್ಟನ್ನೂ ಅದರ ಪಕ್ಕದ ಸಣ್ಣಕ್ಷರವನ್ನೂ ಓದಿದ ಹಿರಿಯ ಸದಸ್ಯರೊಬ್ಬರು ತಮ್ಮ ಹೆಬ್ಬೆರಳನ್ನು ತಾವೇ ನೋಡಿಕೊಂಡರಂತೆ. ಎಂಟನೆಯ ಕಲಮಿಗೆ ಸಮಿತಿ ಕೆಲವೇ ಪದಗಳನ್ನು ಸೇರಿಸಿತ್ತು: ‘ಅಥವಾ ಸ್ವಂತ ದುಡಿಮೆಯಿಂದ ಮೀನಿಗೆ ಉಪ್ಪು ಹಾಕಿ ಒಣಗಿಸುವ ಯಾವುದೇ ವ್ಯಕ್ತಿಗೆ.’ ಮಸೂದೆ ಆ ಪದಗಳ ಸಮೇತ ಅಂಗೀಕಾರವಾಗಿತ್ತು.

ಬೊನಿಫಾಸರು ಮೇಜನ್ನು ತೆರೆದೇ ಬಿಟ್ಟು ದೋಣಿಗಳು ನಿಲ್ಲುವ ದಕ್ಕೆಗೆ ಓಡಿದರು. ಐವತ್ತು ದಾಟಿದ ಮನುಷ್ಯ ಕೋಟು ಹಾರಿಸಿಕೊಂಡು ಓಡುವುದನ್ನು ಕಂಡ ದೋಣಿಯವರು ಎಲ್ಲೋ ಬೆಂಕಿ ಬಿದ್ದಿದೆಯೆಂದು ತಿಳಿದರು. ಅವರು ನದಿ ದಾಟಿ ಬೆಂಗರೆ ಮುಟ್ಟಿದಾಗ ರಾಜೀವಿ ಮರಳಿನ ಮೇಲೆ ಮೀನು ಮಗುಚುತ್ತಿದ್ದಳು. ಅವರು ಏದುಸಿರಿನಲ್ಲಿಯೇ ಅಚ್ಚಾದ ಹಾಳೆಯನ್ನು ಹಿಡಿದು ಅವಳ ಹೆಸರಿನ ಮೇಲೆ ಬೆರಳಿಟ್ಟರು.

“ಇದಾ? ಇಷ್ಟೇ ಸಣ್ಣದಾ ನಾನು?” ಎಂದಳು ಅವಳು. ಆಮೇಲೆ ಅಲ್ಲಿಯೇ ಕುಳಿತು, ಉಪ್ಪಿನ ಕೈಗಳಿಂದ ಮುಖ ಮುಚ್ಚಿಕೊಂಡು ಅತ್ತಳು. ಕಣ್ಣಿಗೆ ಉಪ್ಪು ತಾಗಿ ಉರಿಯೆದ್ದಾಗ ಅಳುತ್ತಲೇ ನಕ್ಕಳು. ಅವಳ ಮಗಳು ಕಾರ್ಖಾನೆಗೆ ಹೋಗಲಿಲ್ಲ.

ಮಳೆಗಾಲ ಕಳೆದು ಉಪ್ಪಿನ ಮೊದಲ ಮೂಟೆ ಬಂದ ದಿನ ಹೆಂಗಸರು ಹರಕೆಯನ್ನು ತಪ್ಪಿಸಲಿಲ್ಲ. ಕಟ್ಟೆಯ ಮೇಲೆ ನಲವತ್ತಮೂರು ಹಿಡಿ ಉಪ್ಪು ಬಿತ್ತು, ಗುರಿಕಾರರದು ನಲವತ್ತನಾಲ್ಕನೆಯದು. ದಿಲ್ಲಿಯವರ ಹೆಸರುಗಳು ಗೊತ್ತಿರಲಿಲ್ಲವಾದ್ದರಿಂದ ‘ನಮ್ಮ ಮಾತು ಕೇಳಿದ ಕಿವಿಗಳು ತಣ್ಣಗಿರಲಿ’ ಎಂದು ಬೇಡಿಕೊಂಡರು. ಅದನ್ನು ನೋಡಿ ಮನೆಗೆ ಮರಳಿದ ಬೊನಿಫಾಸರು ಅಂದಿನಿಂದ ಸಂಜೆಯ ಜಪಮಾಲೆಯ ಕೊನೆಗೆ, ಅರ್ಜಿಯ ನಕಲನ್ನು ಎದುರಿಗಿಟ್ಟುಕೊಂಡು, ಆ ನಲವತ್ತಮೂರು ಹೆಸರುಗಳನ್ನೂ ಒಂದೊಂದಾಗಿ ಓದತೊಡಗಿದರು. ಋಣವೆಂಬುದು ತೀರಿಸಿದಷ್ಟೂ ಬೆಳೆಯುವ ಒಂದು ಭಾಗ್ಯವೆಂದು ಅವರಿಗೆ ಅನುಭವವಾಗಿತ್ತು. ಗಂಜಿ ತಂದವಳಿಗಾಗಿ ಬರೆದ ಅರ್ಜಿ, ತಾನು ಆಡುತ್ತಿದ್ದ ಮಾತಿನ ಅರ್ಥವನ್ನೇ ತನಗೆ ಕಲಿಸಿ ಮರಳಿ ಬಂದಿತ್ತಲ್ಲವೆ?

“ತಂದೆ ಇಂಥವರು, ಗಂಡ ಇಂಥವರು ಅಂತ ಎಲ್ಲ ಓದ್ಬೇಕಾ? ದೇವರಿಗೆ ಗೊತ್ತಿಲ್ವಾ?” ಎಂದು ಮಟಿಲ್ಡಾಬಾಯಿ ಗೊಣಗುವರು. “ಸಾರು ತಣಿದು ಹೋಯ್ತು.”

“ಪೂರ್ಣ ಹೆಸರು ಇಲ್ಲದಿದ್ರೆ ಅರ್ಜಿ ವಾಪಸ್ ಬರ್ತದೆ ಮಾರಾಯ್ತಿ,” ಎಂದು ಬೊನಿಫಾಸರು ಮುಂದಿನ ಹೆಸರಿಗೆ ಹೋಗುವರು.

ನಲವತ್ತೊಂದನೆಯ ಇಸವಿಯ ಬೇಸಗೆಯಲ್ಲಿ ಬೊನಿಫಾಸರು ನಿದ್ದೆಯಲ್ಲಿಯೇ ತೀರಿಕೊಂಡರು. ಎಂಟು ದಿನಗಳ ಮೇಲೆ ಒಂದು ಸಂಜೆ ರಾಜೀವಿ ಗಂಜಿಯ ಮಡಕೆಯನ್ನೂ ಸುಟ್ಟ ಒಣಮೀನಿನ ಪೊಟ್ಟಣವನ್ನೂ ಹೊತ್ತು ಜೆಪ್ಪುವಿಗೆ ಬಂದಳು. ತಲೆ ನರೆತಿತ್ತು, ಮಕ್ಕಳಿಬ್ಬರೂ ಗಂಡನ ಮನೆ ಸೇರಿದ್ದರು. ಹೊಸ್ತಿಲ ಮೇಲೆ ಮಡಕೆ ಇಟ್ಟು ಬಾಗಿಲು ತಟ್ಟಬೇಕೆನ್ನುವಾಗ ಒಳಗಿನಿಂದ ಮಟಿಲ್ಡಾಬಾಯಿಯ ನಡುಗುವ ದನಿ ಕೇಳಿಸಿತು. ಹೆಸರುಗಳು. ಮೋಹಿನಿ ಸತ್ತು ಒಂಬತ್ತು ವರ್ಷಗಳಾಗಿದ್ದವು, ಗುಲಾಬಿ ಸತ್ತು ಮೂರು. ಅವರ ಹೆಸರುಗಳೂ ತಂದೆ ಗಂಡಂದಿರ ಸಮೇತ ಬಂದುಹೋದವು. ಪಟ್ಟಿ ಮುಗಿಯಿತೆಂದುಕೊಂಡಾಗ ಅದರ ತುದಿಗೆ ಹೊಸದಾಗಿ ಸೇರಿದ ಇನ್ನೊಂದು ಹೆಸರು ಕೇಳಿಸಿತು: ಜೆಪ್ಪುವಿನ ಬೊನಿಫಾಸ್.

ರಾಜೀವಿ ಎತ್ತಿದ ಕೈಯನ್ನು ಇಳಿಸಿದಳು. ಒಳಗಿನ ಪ್ರಾರ್ಥನೆ ಮುಗಿಯುವವರೆಗೆ, ಹಿಂದೆ ನಿಲ್ಲುತ್ತಿದ್ದ ಆ ಹಲಸಿನ ಮರದ ಕೆಳಗೆಯೇ ಹೋಗಿ ನಿಂತಳು. ಅನಂತರ ಬಂದು ಬಾಗಿಲು ತಟ್ಟಿದಳು.

“ಯಾರು?” ಎಂದರು ಮಟಿಲ್ಡಾಬಾಯಿ.

“ನೀವು ಮೊದಲು ಓದಿದ ಹೆಸರಿನವಳು, ಬಾಯಮ್ಮ. ಗಂಜಿ ಬಿಸಿಯುಂಟು, ತಟ್ಟೆ ತನ್ನಿ.”